ಎರಡು ಬಿಳಿ ಪುಡಿ, ಮೂರು ಊರು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಂಡ್ಯದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಎರಡು ಪುಟ್ಟ ಸೀಸೆಗಳಿಗೆ ಬಿಳಿ ಪುಡಿ ತುಂಬುತ್ತಾ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪ್ರೊಫೆಸರರ ದನಿಯಲ್ಲಿ ಪಾಠ ಒಪ್ಪಿಸುತ್ತಿದ್ದೆ. ಗೆಳೆಯರು ನಕ್ಕರು, ನಾನು ಉಬ್ಬಿದೆ, ಚೀಟಿ ಅಂಟಿಸುವುದನ್ನು ಮರೆತೆ.

ಪುಡಿಗಳು ಹೈಡ್ರಾಕ್ಸಾಮಿಕ್ ಆಮ್ಲದ ಬಳಗದವು. ಎರಡರಲ್ಲೂ ಅವೇ ಪರಮಾಣುಗಳು, ಅಷ್ಟಷ್ಟೇ. ಆದರೆ ಒಂದರಲ್ಲಿ ಮೀಥೈಲ್ ಗುಂಪು ಸಾರಜನಕದ ಮೇಲೆ ಕೂತಿದೆ, ಇನ್ನೊಂದರಲ್ಲಿ ಪಕ್ಕದ ಆಮ್ಲಜನಕದ ಮೇಲೆ. ಕಣ್ಣಿಗೆ ಎರಡೂ ಒಂದೇ. ಅವನ್ನು ಹನ್ನೆರಡು ಗಂಟೆಯೊಳಗೆ ಮಳವಳ್ಳಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸವಿತಕ್ಕನ ಕೈಗೆ ಮುಟ್ಟಿಸಬೇಕಿತ್ತು. ನಮ್ಮ ಸೀನಿಯರ್ ಆದ ಆಕೆ ಅಂದು ಪ್ರಿನ್ಸಿಪಾಲರ ಮುಂದೆ ಮಾದರಿ ಪಾಠ ಮಾಡಬೇಕು. ಮೆಚ್ಚಿದರೆ ಅತಿಥಿ ಉಪನ್ಯಾಸಕಿಯ ಕೆಲಸ.

ಒಂಬತ್ತೂಕಾಲಿಗೆ ಬಸ್ಸು ಹೊರಟಿತು. ದುಡ್ಡು ಕೊಟ್ಟು ಟಿಕೆಟ್ ಪಡೆದ ನಾಲ್ಕೈದು ಗಂಡಸರಲ್ಲಿ ನಾನೊಬ್ಬ. ಗೆಜ್ಜಲಗೆರೆ ದಾಟುವಾಗ ಸೀಸೆ ತೆಗೆದು ನೋಡಿದೆ, ಚೀಟಿಯಿಲ್ಲ, ಯಾವುದು ಯಾವುದೋ ತಿಳಿಯದೆ ಬೆವರಿದೆ. ಗುರುತು ಹಚ್ಚಲು ಬೇಕಾದದ್ದು ಕಬ್ಬಿಣದ ಲವಣ, ಫೆರಿಕ್ ಕ್ಲೋರೈಡು. ಅದು ಸವಿತಕ್ಕನ ಮೇಜಿನ ಮೇಲಿರುತ್ತದೆ, ನಿಜ. ಆದರೆ ಅಲ್ಲಿ ಸವಿತಕ್ಕನೂ ಇರುತ್ತಾಳೆ.

ಇಪ್ಪತ್ತು ಕಿಲೋಮೀಟರ್ ಕಳೆದು ಮದ್ದೂರಿನಲ್ಲಿ ಇಳಿದು ವಡೆ ಕಚ್ಚುತ್ತಿದ್ದೆ. ಎದುರಿಗೆ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಅಂಗಡಿ, ಸರ್ಕ್ಯೂಟ್ ಬೋರ್ಡೂ ಅಲ್ಲೇ ಮಾಡುತ್ತಾರೆ. ಬೋರ್ಡಿನ ತಾಮ್ರ ಕರಗಿಸಲು ಇದೇ ಫೆರಿಕ್ ಕ್ಲೋರೈಡು ಬಳಸುತ್ತಾರೆ! ಅರ್ಧ ವಡೆ ಬಾಯಲ್ಲಿರುವಾಗಲೇ ಓಡಿದೆ.

ಅಂಗಡಿಯ ರಫೀಕ್ ಭಾಯ್‌ಗೆ ಐವತ್ತರ ಮೇಲೆ. ಸೀಸೆಗಳನ್ನು ಕಂಡವರೇ ಹಿಂದೆ ಸರಿದರು. "ಬಿಳಿ ಪುಡಿ ಮಡೀಕಂಡು ಬಸ್ಸಲ್ಲಿ ತಿರುಗ್ತೀಯ. ಪೋಲೀಸ್ನೋರು ಕಂಡ್ರೆ ನನ್ನೂ ಸೇರ್ಸಿ ಎತ್ತಾಕ್ಕೊಂಡ್ ಓಯ್ತಾರೆ ಕಣ್ಲಾ."

ಕಾಲೇಜಿನ ಗುರುತಿನ ಚೀಟಿ ತೋರಿಸಿದ ಮೇಲೆ ಹೊಸದಾಗಿ ಕಲಸಿದ ದ್ರಾವಣ ಕೊಟ್ಟರು. ಎರಡು ಟೀ ಲೋಟದಲ್ಲಿ ಚಿಟಿಕೆ ಚಿಟಿಕೆ ಪುಡಿ, ನೀರು, ಮೇಲೆ ಒಂದೊಂದು ತೊಟ್ಟು. ಒಂದು ಲೋಟ ತೆಳು ಹಳದಿಯಾಗಿ ಸುಮ್ಮನಿತ್ತು. ಇನ್ನೊಂದು ನೇರಳೆ ಹಣ್ಣು ಹಿಚುಕಿದಂತೆ ಕಡುಗೆಂಪಾಯಿತು. ನಾನು ಕುಣಿದುಬಿಟ್ಟೆ. ಸಾರಜನಕದ ಮೇಲೆ ಮೀಥೈಲ್ ಇರುವ ಅಣು ತನ್ನ ಎರಡು ಆಮ್ಲಜನಕಗಳಿಂದ ಕಬ್ಬಿಣವನ್ನು ಇಕ್ಕಳದಂತೆ ಹಿಡಿಯುತ್ತದೆ, ಇನ್ನೊಂದರಲ್ಲಿ ಮೀಥೈಲೇ ಅಡ್ಡ ಬರುತ್ತದೆ ಎಂದು ವಿವರಿಸಿದೆ, ಪ್ರೊಫೆಸರರ ದನಿಯಲ್ಲೇ.

ಭಾಯ್ ಒಂದೇ ಮಾತಿನಲ್ಲಿ ಮುಗಿಸಿದರು. "ಇಕ್ಕಳದ ಬಾಯಿಗೆ ಬಟ್ಟೆ ಸುತ್ತುದ್ರೆ ನಟ್ಟು ಇಡಿಯಾಕಿಲ್ಲ. ಅಷ್ಟೇ ತಾನೆ?"

ಅಷ್ಟೇ. ಅವರ ಪೆನ್ನಿನಲ್ಲೇ ಚೀಟಿ ಬರೆದು ಅಂಟಿಸಿ ಮಳವಳ್ಳಿ ಬಸ್ಸು ಹತ್ತಿದೆ. ನಡುವೆ ಸಿಗುವ ದೊಡ್ಡಿ ಎಂಬ ಊರಿನಲ್ಲಿ ಕಬ್ಬಿನ ಗಾಡಿಗಳ ಹಿಂದೆ ಇಪ್ಪತ್ತು ನಿಮಿಷ ನಿಂತೆವು. ತಲುಪಿದಾಗ ಹನ್ನೆರಡಕ್ಕೆ ಐದೇ ನಿಮಿಷ.

ಸವಿತಕ್ಕ ಸೀಸೆ ತೆಗೆದುಕೊಂಡಳು, ತರಗತಿಯ ಮುಂದೆ ನಿಂತಳು, ನನ್ನ ಎರಡೂ ಚೀಟಿಗಳನ್ನು ಪರಪರ ಕಿತ್ತು ಬುಟ್ಟಿಗೆ ಹಾಕಿದಳು. "ಯಾವುದು ಯಾವುದು ಅಂತ ನೀವೇ ಹೇಳಿ," ಎಂದು ಫೆರಿಕ್ ಕ್ಲೋರೈಡಿನ ಸಮೇತ ಹುಡುಗಿಯರ ಕೈಗೆ ಕೊಟ್ಟಳು. ಕೆಂಪು ಬಂದಾಗ ಹಿಂದಿನ ಬೆಂಚಿನಲ್ಲಿದ್ದ ಪ್ರಿನ್ಸಿಪಾಲರೂ ಎದ್ದು ಬಂದು ಇಣುಕಿದರು. ಸೋಮವಾರದಿಂದಲೇ ಬನ್ನಿ ಎಂದರು.

ಹೊರಗೆ ಬಂದ ಮೇಲೆ ತಡೆಯಲಾಗಲಿಲ್ಲ. ನನ್ನ ಪೆದ್ದುತನ, ಬೆವರು, ರಫೀಕ್ ಭಾಯ್, ಎಲ್ಲವನ್ನೂ ಅವರವರ ದನಿಯಲ್ಲೇ ಹೇಳಿ, ಅಷ್ಟು ಕಷ್ಟಪಟ್ಟು ಅಂಟಿಸಿದ ಚೀಟಿ ಕೀಳಬಹುದಾ ಎಂದು ಕೇಳಿದೆ.

ಸವಿತಕ್ಕ ಚಪ್ಪಲಿ ಮೆಟ್ಟುತ್ತಾ ಹೇಳಿದಳು: "ಚೀಟಿ ಓದಕ್ಕೆ ಕೆಮಿಸ್ಟ್ರಿ ಯಾಕ್ಲಾ ಬೇಕು?"