ಬೀಜಕ್ಕೆ ಬಿಟ್ಟ ದಂಟು

ಇವತ್ತು ಕಾಡುಗೋಡಿಯ ಆಚೆ, ಮುನಿಯಮ್ಮನವರ ಸೊಪ್ಪಿನ ತೋಟದಲ್ಲಿ ನಾನು ಮಾಡಿದ ಕೆಲಸ ಕೇಳಿ, ಸ್ನೇಹಿತರೇ. ಸಣ್ಣ ರೈತರ ಸುಸ್ಥಿರ ಬೇಸಾಯವನ್ನು ವರದಿ ಮಾಡುವುದು ಹೇಗೆಂದು ಎಂಟು ಯುವ ಪತ್ರಕರ್ತರಿಗೆ ತರಬೇತಿ ಕೊಡುತ್ತಿದ್ದೇನೆ. ಅವರನ್ನು ಅಲ್ಲಿಗೆ ಕರೆದೊಯ್ದಿದ್ದೆ.

ಹಿಂದೆ ಐಟಿ ಕಂಪನಿಯ ಗಾಜಿನ ಕಟ್ಟಡ, ಮುಂದೆ ಕೊತ್ತಂಬರಿ ಕೀಳುತ್ತಿರುವ ಮುನಿಯಮ್ಮ. ಒಳ್ಳೆಯ ಫೋಟೊ. ಆದರೆ ಎದೆಯೆತ್ತರ ಬೆಳೆದು ಹಳದಿಗಟ್ಟಿದ್ದ ಐದಾರು ದಂಟಿನ ಗಿಡಗಳು ಅಡ್ಡ ಬರುತ್ತಿದ್ದವು.

"ಅದನ್ನ ಕಿತ್ತುಬಿಡು, ಫ್ರೇಮ್ ಕ್ಲೀನ್ ಆಗುತ್ತೆ," ಎಂದು ತರಬೇತಿಗೆ ಬಂದಿದ್ದ ರಮ್ಯಾಗೆ ಹೇಳಿದೆ. ಅವಳು ಕಿತ್ತಳು.

ಮುನಿಯಮ್ಮ ಓಡಿಬಂದರು. "ಅಯ್ಯೋ, ಅದು ಬೀಜಕ್ಕೆ ಬಿಟ್ಟಿದ್ದು ಕಣಮ್ಮ! ನಮ್ಮತ್ತೆ ಕಾಲ್ದಿಂದ ಇಟ್ಕಂಡ್ ಬಂದಿರೋ ತಳಿ."

"ಒಣಗಿಸಿದರೆ ಆಗಲ್ವಾ?" ಎಂದು ನಾನು ಕೇಳಿದೆ.

"ಎಳೇ ಬೀಜ ಎಲ್ಲಾದ್ರೂ ಮೊಳೀತದಾ? ಇನ್ನೆಂಟ್ ದಿನ ಇದ್ದಿದ್ರೆ ಬಲೀತಿತ್ತು."

"ಮನೇಲಿ ಸ್ವಲ್ಪ ಇರಬೇಕಲ್ವಾ?"

"ಎಲ್ಲಾ ಬಿತ್ತಿ, ಕೊಯ್ದಾಯ್ತು. ಇಷ್ಟೇ ಉಳಿಸ್ಕಂಡಿದ್ದು. ಇವ್ರಿಗೆಲ್ಲ ನೀವೇನಾ ಮೇಡಂ ಪಾಠ ಹೇಳ್ಕೊಡೋದು?"

ನಾನೇ. ಬೆಳಗ್ಗೆಯಷ್ಟೇ ನಾಟಿ ಬೀಜ ಉಳಿಸಿಕೊಳ್ಳುವುದರ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಬೀಜ ಕಟ್ಟುತ್ತಿರುವ ಗಿಡ ನೋಡಲು ಹೇಗಿರುತ್ತದೆ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಕ್ಷಮೆ ಕೇಳಿದೆ. ಅವರು ಆ ಗಿಡಗಳನ್ನು ಒಂದೊಂದಾಗಿ ಮತ್ತೆ ಮಣ್ಣಿಗೆ ಊರಿ ನೀರು ಹಾಕಿದರು. ಅವು ಬದುಕುವುದಿಲ್ಲವೆಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ವಾಪಸ್ ಬರುವಾಗ ವ್ಯಾನಿನಲ್ಲಿ ರಮ್ಯಾ ಮೆಲ್ಲಗೆ ಕೇಳಿದಳು: "ಮೇಡಂ, ಇದನ್ನ ಬರೀಲಾ? ನಿಮ್ಮ ಹೆಸರು ಬೇಡ, 'ತಜ್ಞರೊಬ್ಬರು' ಅಂತ ಹಾಕ್ತೀನಿ."

"ಹೆಸರು ಹಾಕಮ್ಮ," ಎಂದೆ. "ಆ 'ತಜ್ಞರು' ಅನ್ನೋದನ್ನ ತೆಗೆದುಬಿಡು."