ಬಿಳಿ ಡಬ್ಬಿ, ಕರಿ ಡಬ್ಬಿ, ಒಂದು ಹೆಬ್ಬೆರಳು

ಆಗ ನನಗೆ ಅರವತ್ತೊಂದು. ಎಂಟು ವರ್ಷದ ಹಿಂದಿನ ಮಾತು. ಆ ವರ್ಷ ತಿಂಗಳುಗಟ್ಟಲೆ ನಾನು ಬಿಸಿ ಅನ್ನ ಉಂಡವಳಲ್ಲ. ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಅವರಿಗೆ ತುತ್ತು ಕೊಟ್ಟು, ಬಾಯಿ ಒರೆಸಿ, ನನ್ನ ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಅನ್ನ ಆರಿ ಕಲ್ಲಾಗಿರುತ್ತಿತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಎತ್ತಿ ಬದುಕಿದ ಮನುಷ್ಯ, ಹೆಂಡತಿಯ ಕೈತುತ್ತಿಗೆ ಬಾಯಿ ತೆರೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಯಾರಾದರೂ ಮನೆಗೆ ಬಂದರೆ ಅಂದು ಊಟವೇ ಬೇಡ. ಚಮಚ ಕೊಟ್ಟರೆ ಎಡಗೈಯಲ್ಲಿ ತಳ್ಳಿಬಿಡುವರು. ಮೈ ಇಳಿಯುತ್ತಾ ಬಂತು.

ನಿಮ್ಮ ಕೈ ತುತ್ತು ಎತ್ತುವುದನ್ನು ನೀವು ಎಂದಾದರೂ ನೋಡಿದ್ದೀರಾ? ನಾನೂ ನೋಡಿರಲಿಲ್ಲ. ನಾಲ್ಕು ಬೆರಳು ಅನ್ನ ಹೊತ್ತು ಬಾಯಿಯ ಬಾಗಿಲ ತನಕ ಬರುತ್ತವೆ, ಒಳಕ್ಕೆ ದೂಡುವುದು ಹೆಬ್ಬೆರಳು. ಇವರ ನಾಲ್ಕು ಬೆರಳು ನಿಧಾನವಾಗಿ ಮಾತು ಕೇಳತೊಡಗಿದವು. ಹೆಬ್ಬೆರಳು ಮಾತ್ರ ಮುನಿದ ಅಳಿಯನಂತೆ ಮೂಲೆ ಹಿಡಿದಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಹಿಸುಕಲೆಂದು ರಬ್ಬರ್ ಚೆಂಡು ಕೊಟ್ಟರೆ, "ನಾನೇನು ನಾಯಿನಾ ಚೆಂಡಾಡಕ್ಕೆ?" ಎಂದು ಎಸೆದರು.

ಆಗ ಮಗಳು ಸುಮ ಅಟ್ಟದಿಂದ ಬಿಳಿ ಡಬ್ಬಿ ಇಳಿಸಿದಳು. ಅವಳು ಚಿಕ್ಕವಳಿದ್ದಾಗ ಇವರು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡಿದ್ದ ಟಿವಿ ಗೇಮು ಅದು. ಮರುವರ್ಷವೇ ಅಲ್ಲಿಯ ಸವಳಂಗ ರಸ್ತೆಯಲ್ಲಿದ್ದ ನನ್ನ ಮೈದುನ ರುದ್ರೇಶ ತನ್ನ ಮನೆಗೆ ಅಂಥದ್ದೇ ಇನ್ನೊಂದು ಕಂಪನಿಯ ಕರಿ ಡಬ್ಬಿ ತಂದಿದ್ದ. ಅಂದಿನಿಂದ ಹಬ್ಬಕ್ಕೆ ಸೇರಿದಾಗೆಲ್ಲ ಅಣ್ಣತಮ್ಮಂದಿರಿಗೆ ಅದೇ ಜಗಳ.

"ಅಣ್ಣಾ, ನಿಂದು ಎಂಟು ಬಿಟ್ಟು, ನಂದು ಹದಿನಾರು!"

"ಎಷ್ಟು ಬಿಟ್ರೇನೋ? ಅರ್ಧ ಗಂಟೆಗೆ ನಿಂದು ಕಾದು ಕಾವಲಿ ಆಗುತ್ತೆ, ದೋಸೆ ಹುಯ್ಕೋ."

ಬಿಟ್ಟು ಎಂದರೇನೋ ನನಗೆ ಇಂದಿಗೂ ತಿಳಿಯದು. ಅಕ್ಷರವೇ ಅಷ್ಟಕ್ಕಷ್ಟೆ, ಇನ್ನು ಡಬ್ಬಿಯ ಒಳಗಿನದು ನನಗೇಕೆ? ಹೊರಗಿನದು ಹೇಳಬಲ್ಲೆ. ಬಿಳಿಯದು ಹಗುರ, ಒಳಗೆ ಏನೂ ಇಲ್ಲದಂತೆ. ಆಟದ ಕ್ಯಾಸೆಟ್ಟನ್ನು ಊದಿ ಊದಿ ಹಾಕಬೇಕು. ಇವರ ಸೊಟ್ಟಗಾಗಿದ್ದ ಬಾಯಿಗೂ ಒಂದು ಕೆಲಸ ಸಿಕ್ಕಿತು. ಅದರ ಸಂಗೀತ ಸೊಳ್ಳೆಯದು. ಕೈಯಲ್ಲಿ ಹಿಡಿದು ಆಡುವ ಹಿಡಿಕೆ ಇಟ್ಟಿಗೆಯಂತೆ ಚೌಕ, ಅಂಗೈಗೆ ಒತ್ತುತ್ತದೆ. ಎಡಗೈ ಟಿವಿಯೊಳಗಿನ ಗೊಂಬೆಯನ್ನು ಓಡಿಸಬೇಕು, ಬಲ ಹೆಬ್ಬೆರಳು ಗುಂಡಿ ಒತ್ತಿ ಹಾರಿಸಬೇಕು. ಗುಂಡಿ ಒತ್ತದಿದ್ದರೆ ಗೊಂಬೆ ಗುಂಡಿಗೆ.

"ಥೂ, ಇವ್ನಿಗೆ ಹಾರಕ್ಕೂ ಬರಲ್ಲ."

"ಹಾರಿಸೋರು ನೀವು," ಅಂದೆ.

"ಸುಮ್ನಿರೇ ಮಾರಾಯ್ತಿ."

ಕೆಲವು ವಾರದಲ್ಲಿ ಗೊಂಬೆ ಹಾರಿತು. ಆದರೆ ಆ ಬೆರಳು ನಿಂತಲ್ಲೇ ಒತ್ತುತ್ತಿತ್ತು, ಪಕ್ಕಕ್ಕೆ ಸರಿಯುತ್ತಿರಲಿಲ್ಲ. ತುತ್ತು ಇನ್ನೂ ಮಡಿಲಿಗೇ ಬೀಳುತ್ತಿತ್ತು. ವಿಷಯ ತಿಳಿದ ರುದ್ರೇಶ ಬಟ್ಟೆಚೀಲದಲ್ಲಿ ಕರಿ ಡಬ್ಬಿ ಹೊತ್ತು ಬಸ್ಸಿನಲ್ಲಿ ಬಂದ.

"ಬಂತಾ ಕಾವಲಿ?" ಇವರು ಕೇಳಿದರು. ಎಷ್ಟೋ ದಿನದ ಮೇಲೆ ನಕ್ಕಿದ್ದರು.

"ಸೋಲಕ್ಕೆ ರೆಡಿಯಾಗು ನೀನು."

ಕರಿಯದು ತೂಕದ್ದು, ಸಂಗೀತವೆಂದರೆ ಮದುವೆ ಬ್ಯಾಂಡು, ಹಿಡಿಕೆ ಅಂಗೈಗೆ ಬಾಗಿದ್ದು. ಗುಂಡಿ ಮೂರು, ಒದೆಯಲು ಒಂದು, ಹಾರಲು ಇನ್ನೊಂದು. ಹೆಬ್ಬೆರಳು ಒಂದರಿಂದ ಇನ್ನೊಂದಕ್ಕೆ ನಡೆಯಲೇಬೇಕು. ರುದ್ರೇಶ ಮತ್ತೆ ಮತ್ತೆ ಬಂದ, ಬಂದಾಗೆಲ್ಲ ಅಣ್ಣನನ್ನು ಕನಿಕರವಿಲ್ಲದೆ ಸೋಲಿಸಿದ. ನಾನು ತೋರಿಸಿದ್ದು ಬರೀ ಕನಿಕರ. ಅದನ್ನು ಉಂಡು ಉಂಡು ಅವರಿಗೆ ಸಾಕಾಗಿತ್ತು ಎಂಬುದು ನನಗೆ ಹೊಳೆದಿರಲಿಲ್ಲ.

ಒಂದು ಸಂಜೆ ಆಟ ಮುಗಿಸಿ ಅವನು ಊಟಕ್ಕೆ ಕೂತ. ಇವರು ಎಂದಿನಂತೆ ಬೇಡವೆಂದರು.

"ಅತ್ತಿಗೆ, ಈ ಮನೇಲಿ ಸೋತೋರಿಗೆ ಊಟ ಇಲ್ವಾ?"

ಸಿಟ್ಟಿಗೆ ಇವರು ಬಲಗೈಯನ್ನು ತಟ್ಟೆಗೆ ಹಾಕಿದರು. ಅರ್ಧ ಚೆಲ್ಲಿತು. ಉಳಿದದ್ದು ಬಾಯಿಯ ತನಕ ಹೋಯಿತು, ಹೆಬ್ಬೆರಳು ಪಕ್ಕಕ್ಕೆ ಸರಿದು ಅದನ್ನು ಒಳಕ್ಕೆ ದೂಡಿತು. ರುದ್ರೇಶ ತಲೆ ಎತ್ತದೆ, "ಅತ್ತಿಗೆ, ಸಾರು," ಅಂದ.

ಯಾವ ಡಬ್ಬಿ ಮೇಲು ಎಂದು ಅಣ್ಣತಮ್ಮಂದಿರು ಈಗಲೂ ಜಗಳವಾಡುತ್ತಾರೆ, ಆಡಲಿ. ನನಗೆ ಬಿಳಿಯದೂ ಬೇಕಿತ್ತು, ಕರಿಯದೂ ಬೇಕಿತ್ತು, ದೋಸೆ ಕಾವಲಿ ಹೊತ್ತು ಬಂದ ಮೈದುನನೂ ಬೇಕಿತ್ತು. ಮಕ್ಕಳಿಗೆಂದು ಅವನ್ನು ಮಾಡಿದವರು ಯಾವ ದೇಶದವರೋ, ಅವರ ಹೊಟ್ಟೆ ತಣ್ಣಗಿರಲಿ.

ಆ ಊಟದ ಮರುದಿನ ಬೆಳಿಗ್ಗೆ ಉಪ್ಪಿಟ್ಟು ಮಾಡಿ ಎರಡು ತಟ್ಟೆಗೆ ಒಟ್ಟಿಗೇ ಹಾಕಿದೆ. ಒಂದನ್ನು ಅವರ ಮುಂದಿಟ್ಟು, ಇನ್ನೊಂದನ್ನು ಹಿಡಿದು ಎದುರಿಗೆ ಕೂತು, ಮೊದಲ ತುತ್ತಿಗೇ ನಾಲಿಗೆ ಸುಟ್ಟುಕೊಂಡೆ.