ಮಗ್ಗದ ಕುಣಿಯಲ್ಲಿ ಬಿದ್ದ ಪೊರೆ

ಮೊನ್ನೆ ನವನಗರದ ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಸರಿಸಿದೆ. ಹಿಂದೆ ಅಂಗೈಯಗಲದ ಜೇಡವೊಂದು ಬಿದ್ದಿತ್ತು. ಕಂದು ಬಣ್ಣ, ಮೈತುಂಬ ರೋಮ, ಮಡಚಿದ ದಪ್ಪ ಕಾಲುಗಳು. ವಾಸನೆಯೇನೂ ಇಲ್ಲದಿದ್ದರೂ ಮೂಗು ಮುಚ್ಚಿಕೊಂಡು ಮೊರಕ್ಕೆ ಗುಡಿಸಿದೆ. ಎತ್ತಿದರೆ ತೂಕವೇ ಇಲ್ಲ... ಮಗ್ಗದ ಚಿಗವ್ವ ನೆನಪಾದಳು.

ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯವಳು. ನೆಂಟಸ್ತಿಕೆ ಏನಿಲ್ಲ, ಮನೆಯಲ್ಲಿ ಮಗ್ಗವಿತ್ತು, ಹಾಗಾಗಿ ಓಣಿಯ ಹುಡುಗಿಯರಿಗೆಲ್ಲ ಮಗ್ಗದ ಚಿಗವ್ವ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ದಿನವಿಡೀ ನೇಯುತ್ತಿದ್ದಳು. ಬಾಯಿ ಜೋರು, ಧೈರ್ಯ ಮಾತ್ರ ಅಷ್ಟಕ್ಕಷ್ಟೆ. ಹಲ್ಲಿ ಕಂಡರೂ ಚೀರಿ ಕಟ್ಟೆ ಏರುತ್ತಿದ್ದಳು. ಅದನ್ನೇ ಹಿಡಿದು ನಾವು ಅವಳನ್ನು ಕಾಡುತ್ತಿದ್ದೆವು.

ಎಂಬತ್ತನೇ ಇಸವಿಯ ಆಸುಪಾಸು, ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಚಿಗವ್ವನ ಮಗಳನ್ನು ಹುನಗುಂದಕ್ಕೆ ಕೊಡುವುದೆಂದು ನಿಶ್ಚಯವಾಗಿತ್ತು. ಮಗಳ ಮದುವೆಯ ಸೀರೆಯನ್ನು ತಾಯಿಯೇ ನೇಯಬೇಕು, ಬೇರೆಯವರು ಲಾಳಿ ಮುಟ್ಟಬಾರದು ಎನ್ನುವುದು ಅವರ ಮನೆತನದ ರೂಢಿ. ಸೆರಗಿನ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಸೀರೆಯ ಮೈಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿ, ನೇಯಲು ಕೂತಿದ್ದಳು. ಕುಣಿಗೆ ಬಿದ್ದ ನೂಲನ್ನು ಎದ್ದು ಹೋಗಿ ಎತ್ತುವ ಪುರಸೊತ್ತು ಅವಳಿಗಿರಲಿಲ್ಲ. ಕೂತಲ್ಲೇ ಕಾಲ್ಬೆರಳಿನಿಂದ ಹಿಡಿದು ಮೇಲೆತ್ತುತ್ತಿದ್ದಳು. ಅವತ್ತೂ ಕಪ್ಪು ನೂಲಿನ ಸಿಕ್ಕು ಎಂದುಕೊಂಡು ಎತ್ತಿದಳು. ಸಿಕ್ಕು ಕಾಲು ಬಿಚ್ಚಿತು...

ಬರೆಯುವಾಗಲೂ ನನ್ನ ಕಾಲ್ಬೆರಳುಗಳು ಮುದುಡುತ್ತಿವೆ. ಅವಳ ಚೀರಾಟ ಕೇಳಿ ನಾನು ಓಡಿಹೋಗುವಷ್ಟರಲ್ಲಿ ಅಂಗೈಯಗಲದ ಆ ಜೇಡ ಅವಳ ಪಾದದ ಮೇಲೆ ಹಾಯ್ದು ಕುಣಿಯ ಗೋಡೆಯ ಬಿಲ ಹೊಕ್ಕಿತ್ತು. ರೋಮದ ಎರಡು ಕಾಲು ಇನ್ನೂ ಹೊರಗೇ ಇದ್ದವು. ಥೂ! ಚಿಗವ್ವ ಬಚ್ಚಲಲ್ಲಿ ಕೂತು ತೆಂಗಿನ ನಾರಿನಿಂದ ಪಾದ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಳು.

"ಈ ಕಾಲs ಕಡದು ಒಗೀಬೇಕ ಅನಸತೈತಿ ತಂಗಿ," ಎಂದಳು.

ಕುಣಿಗೆ ಚಿಮಣಿ ಎಣ್ಣೆ ಸುರಿದರೆ ರೇಷ್ಮೆಗೆ ವಾಸನೆ ಹತ್ತುತ್ತದೆ. ಕುದಿಯುವ ನೀರು ಸುರಿದರೆ ಹಬೆಗೆ ಹಾಸು ಕೆಡುತ್ತದೆ. ಹೀಗಾಗಿ ಮಗ್ಗ ನಿಂತೇಹೋಯಿತು. ಗಂಡ ತಾನು ಕೂರುತ್ತೇನೆಂದರೆ ಲಾಳಿ ಕೊಡಲಿಲ್ಲ. ತಾನೂ ಕುಣಿಗೆ ಕಾಲು ಬಿಡಲಿಲ್ಲ. ಮದುವೆ ಹತ್ತಿರ ಬರುತ್ತಿತ್ತು. ಅರ್ಧ ಸೀರೆ ಮಗ್ಗದ ಮೇಲೆ ಹಾಗೇ ಇತ್ತು.

ಒಂದು ಮುಂಜಾನೆ ಗಂಡ, ಕುಣಿಯಲ್ಲಿ ಜೇಡ ಸತ್ತು ಬಿದ್ದಿದೆ ಎಂದು ಕೂಗಿದ. ಚಿಗವ್ವ ಅದನ್ನು ಮೊರದಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು, ತಿಪ್ಪೆಗೆ ಚೆಲ್ಲಿ ಬಂದಳು. ಕಟ್ಟೆಯ ಮೇಲೆ ಕೂತು ಖಾಲಿ ಮೊರವನ್ನು ಎರಡು ಸಲ ಕೈಯಲ್ಲಿ ತೂಗಿ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಕುಣಿಗೆ ಕಾಲು ಇಳಿಬಿಟ್ಟಳು. ಓಣಿಗೆ ಮತ್ತೆ ಮಗ್ಗದ ಸದ್ದು ಬಂತು, ಅವಳ ಬಾಯಿ ಮಾತ್ರ ಬಂದ್. ಊಟವೂ ಅಷ್ಟಕ್ಕಷ್ಟೆ. ಮಗಳು ಹೋಗುವ ಸಂಕಟ ಎಂದುಕೊಂಡೆವು.

ಸೀರೆ ಮುಗಿಸಿ ಮಗ್ಗದಿಂದ ಇಳಿಸಿದ ಸಂಜೆಯೇ ಚಿಗವ್ವ ಒಂದು ಡಬ್ಬಿ ಚಿಮಣಿ ಎಣ್ಣೆಯನ್ನು ಬಿಲಕ್ಕೆ ಸುರಿದಳು. ಅದು ಹೊರಬಂತು. ಮೊದಲಿಗಿಂತ ದೊಡ್ಡದು, ಹೊಸ ರೋಮ ಎಣ್ಣೆಯಲ್ಲಿ ನೆನೆದು ಮಿಂಚುತ್ತಿತ್ತು. ನಾನು ಬಾಗಿಲಲ್ಲೇ ವಾಂತಿ ಮಾಡಿಕೊಂಡೆ. ಗಂಡ ಕಟ್ಟಿಗೆಯಿಂದ ಬಡಿದು ಕೊಂದ.

"ಸತ್ತಿತ್ತಲ್ಲ ಚಿಗವ್ವ ಅದು?"

"ಎಲ್ಲಿ ಸತ್ತಿತ್ತ? ಮೊರಾ ಎತ್ತಿದ್ರ ತೂಕನ ಇಲ್ಲ. ಹಾವಿನಂಗ ಪೊರಿ ಬಿಟ್ಟಿತ್ತ. ನನಗ ಅವತ್ತs ಗೊತ್ತಾತು."

"ಗೊತ್ತಿದ್ದೂ ಕುಂತಿ?"

"ಹೇಳಿದ್ರ ನಿಮ್ಮ ಕಾಕಾ ಕುಂದರಾಕ ಬಿಡತಿದ್ದಿಲ್ಲ. ದಿನಾ ಹೇಸಿಗಿ ಬರತಿತ್ತವಾ, ತಿಂದದ್ದು ಒಳಗ ನಿಲ್ಲತಿದ್ದಿಲ್ಲ. ಆದ್ರ ಸೀರಿ ಆಗಬೇಕಿತ್ತಲ್ಲ..."

ಆ ಸೀರೆಯಲ್ಲೇ ಮದುವೆಯಾಯಿತು. ಬೀಗರು ಸೆರಗನ್ನು ಮುಟ್ಟಿ ಮುಟ್ಟಿ ಹೊಗಳುತ್ತಿದ್ದರೆ ನನಗೆ ಕುಣಿಯೊಳಗಿನ ಅವಳ ಪಾದಗಳೇ ಕಣ್ಣಿಗೆ ಕಟ್ಟುತ್ತಿದ್ದವು.

ಈ ಜೇಡ ಟ್ಯಾರಂಟುಲಾ ಜಾತಿಯದು, ಈ ಕಡೆ ಇಂಥವನ್ನು ನೋಡಿ ಬರೆದಿಟ್ಟವರು ಕಡಿಮೆ ಎಂದು ಪೊರೆಯ ಸುದ್ದಿ ಕೇಳಿ ಅಣ್ಣನ ಮಗ ಹೇಳಿದ. ಯಾರಾದರೂ ಬಂದು ಕೇಳಿದ್ದರೆ ಚಿಗವ್ವ ಪಾದ ಮುಂದೆ ಮಾಡಿ ತೋರಿಸುತ್ತಿದ್ದಳು. ಅವಳು ತೀರಿಕೊಂಡು ಬಹಳ ವರ್ಷವಾಯಿತು. ಕುಣಿ ಮುಚ್ಚಿ ಮೇಲೆ ಟೈಲ್ಸ್ ಹಾಕಿದ್ದಾರಂತೆ.

ಮೊರದಲ್ಲಿನ ಪೊರೆಯನ್ನು ಮೊನ್ನೆಯೇ ಹೊರಗೆ ಚೆಲ್ಲಿ ಬಂದೆ. ಬಿಟ್ಟುಹೋದ ಪ್ರಾಣಿ ಇಲ್ಲೇ ಎಲ್ಲೋ ಇದೆ. ಚಿಗವ್ವ ಇದ್ದಿದ್ದರೆ ಫೋನ್ ಹಚ್ಚುತ್ತಿದ್ದೆ. ಇಬ್ಬರೂ ಕೂಡಿ ಥೂ ಥೂ ಎನ್ನುತ್ತಿದ್ದೆವು... ಇವತ್ತು ಒಲೆಯ ಮೇಲೆ ಅನ್ನಕ್ಕಿಟ್ಟ ನೀರು ಕುದಿಯುತ್ತಿದೆ. ನಾನಿನ್ನೂ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿದ್ದೇನೆ, ಚಪ್ಪಲಿ ಹಾಕಿಕೊಂಡು.